ಹಳೇ ಸುಟ್ಟ ಕಲೆಯನ್ನೂ ನೋಡಿಕೊಳ್ಳಿ
ಕಪ್ಪು ಮೈಬಣ್ಣದವರಿಗೆ ಚರ್ಮದ ಕ್ಯಾನ್ಸರ್ ಕಡಿಮೆ ಎಂದು ಒಂದು ಲೇಖನದಲ್ಲಿ ಓದಿದೆ. ನಿಜವೇ. ಆದರೆ ಇದನ್ನೇ ನಂಬಿ ನಾವು ಸುಮ್ನೆ ಕೂತುಬಿಡುತ್ತೇವೆ, ಅಲ್ವಾ? ನಮ್ಮ ದೊಡ್ಡಪ್ಪನ ಮೊಣಕಾಲ ಕೆಳಗೆ, ಚಿಕ್ಕಂದಿನಲ್ಲಿ ಬಿಸಿ ಗಂಜಿ ಬಿದ್ದು ಸುಟ್ಟ ಕಲೆ ಇತ್ತು. ಐವತ್ತು ವರ್ಷದ ಮೇಲೆ ಅದೇ ಜಾಗದಲ್ಲಿ ಹುಣ್ಣಾಯಿತು. ಅರಿಸಿನ, ಕೊಬ್ಬರಿ ಎಣ್ಣೆ ಹಚ್ಚುತ್ತಲೇ ವರ್ಷ ಕಳೆದರು. ಅಂಚು ಹೂಕೋಸಿನ ಹಾಗೆ ಉಬ್ಬಿ, ಪಂಚೆಗೆ ರಕ್ತ ಅಂಟತೊಡಗಿದ ಮೇಲೆಯೇ ಆಸ್ಪತ್ರೆಗೆ ಹೋದದ್ದು. ಹುಣ್ಣಿನ ಚೂರು ತೆಗೆದು ಪರೀಕ್ಷಿಸುವ ಬಯಾಪ್ಸಿಯಲ್ಲಿ ಸ್ಕ್ವೇಮಸ್ ಸೆಲ್ ಕ್ಯಾನ್ಸರ್, ಅಂದರೆ ಚರ್ಮದ ಕ್ಯಾನ್ಸರಿನ ಒಂದು ಬಗೆ ಎಂದು ಬಂತು. ಬಿಸಿಲು ಬೀಳದ ಜಾಗದಲ್ಲೂ ಚರ್ಮದ ಕ್ಯಾನ್ಸರ್ ಬರುತ್ತದೆ ಎಂದು ನಮಗೆ ಆಗಲೇ ಗೊತ್ತಾಗಿದ್ದು. 1981ರಲ್ಲಿ ತೀರಿಕೊಂಡ ಜಮೈಕಾದ ಗಾಯಕ ಬಾಬ್ ಮಾರ್ಲಿಗೂ ಮೆಲನೋಮ (ಚರ್ಮಕ್ಕೆ ಬಣ್ಣ ಕೊಡುವ ಕೋಶಗಳ ಕ್ಯಾನ್ಸರ್) ಶುರುವಾಗಿದ್ದು ಕಾಲ್ಬೆರಳಿನ ಉಗುರಿನಡಿ. ಸ್ನಾನ ಮಾಡುವಾಗ ಅಂಗಾಲು, ಉಗುರು, ಹಳೇ ಕಲೆ ಒಮ್ಮೆ ನೋಡಿಕೊಳ್ಳಿ. ತಿಂಗಳಾದರೂ ಮಾಯದ ಹುಣ್ಣಿದ್ದರೆ ಚರ್ಮದ ಡಾಕ್ಟರಿಗೆ ತೋರಿಸಿ.