ಗಾಂಜಾ ಸೇದಿದವನನ್ನು ಮೊದಲು ಯಾರ ಮುಂದೆ ನಿಲ್ಲಿಸಬೇಕು?

ಚಿಕ್ಕಮಗಳೂರಿನಲ್ಲಿ ಗಾಂಜಾದ ಮಾತು ಬಂದರೆ ತಪ್ಪೆಲ್ಲ ಪ್ರವಾಸಿಗರ ತಲೆಗೆ ಹೋಗುತ್ತದೆ. ವಾರಾಂತ್ಯಕ್ಕೆ ಮುಳ್ಳಯ್ಯನಗಿರಿ ಹತ್ತುವವರು, ಹೋಂಸ್ಟೇಗಳಲ್ಲಿ ತಂಗುವವರು ಊರು ಕೆಡಿಸಿದರು ಎಂದು ನಾವು ಸಮಾಧಾನಪಟ್ಟುಕೊಳ್ಳುತ್ತೇವೆ. ಸೇದುವವರಲ್ಲಿ ಮೂಡಿಗೆರೆಯ, ಕೊಪ್ಪದ, ಅತ್ತ ಬೇಲೂರು ಸಕಲೇಶಪುರದ ನಮ್ಮವರ ಮಕ್ಕಳೂ ಇದ್ದಾರೆ. ಅವರ ವಿಷಯದಲ್ಲಿ ನಮಗೆ ಗೊತ್ತಿರುವ ದಾರಿ ಎರಡೇ: ಮನೆಯೊಳಗೆ ಮುಚ್ಚಿಡುವುದು, ಇಲ್ಲವೇ ಪೊಲೀಸ್ ಠಾಣೆ. ಮಾರುವವನನ್ನು ಪೊಲೀಸರು ಹಿಡಿಯಲಿ, ಅದಕ್ಕೆ ನನ್ನ ತಕರಾರಿಲ್ಲ. ಸೇದುವವನು ಮಾತ್ರ ಮೊದಲು ವೈದ್ಯರ ಮುಂದೆ ಕೂರಬೇಕು ಎಂಬುದು ನನ್ನ ವಾದ.

1985ರ ಮಾದಕ ವಸ್ತು ಕಾಯ್ದೆಯ 27ನೇ ವಿಧಿಯ ಪ್ರಕಾರ ಗಾಂಜಾ ಸೇವನೆಗೆ 6 ತಿಂಗಳವರೆಗೆ ಜೈಲು, ಅಥವಾ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಕೈಯಲ್ಲಿ ಮಾಲು ಸಿಕ್ಕರೆ ಲೆಕ್ಕ ಬೇರೆ: 1 ಕಿಲೋವರೆಗಿನದು 'ಸಣ್ಣ ಪ್ರಮಾಣ', ಅದಕ್ಕೆ ಒಂದು ವರ್ಷದವರೆಗೆ ಶಿಕ್ಷೆ. ಹೀಗಾಗಿ ಜೇಬಿನಲ್ಲಿ 10 ಗ್ರಾಂ ಇಟ್ಟುಕೊಂಡ ವಿದ್ಯಾರ್ಥಿಯೂ ಚೀಲದಲ್ಲಿ 900 ಗ್ರಾಂ ಸಾಗಿಸುವವನೂ ಒಂದೇ ಕಲಮಿನಡಿ ಬರುತ್ತಾರೆ.

ಇದೇ ಕಾಯ್ದೆಯಲ್ಲಿ 64ಎ ಎಂಬ ವಿಧಿಯೂ ಇದೆ. ಸೇವನೆಯ ಅಥವಾ ಸಣ್ಣ ಪ್ರಮಾಣದ ಆರೋಪ ಹೊತ್ತ ವ್ಯಸನಿಯು ತಾನಾಗಿಯೇ ಸರ್ಕಾರಿ ಇಲ್ಲವೇ ಸರ್ಕಾರದ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಚಿಕಿತ್ಸೆಗೆ ಸೇರಿದರೆ ಅವನನ್ನು ಶಿಕ್ಷೆಗೆ ಗುರಿಪಡಿಸುವಂತಿಲ್ಲ. ಚಿಕಿತ್ಸೆಯನ್ನು ನಡುವೆ ಬಿಟ್ಟರೆ ಆ ರಕ್ಷಣೆಯನ್ನು ಹಿಂಪಡೆಯಬಹುದು. ಒಳ್ಳೆಯ ವಿಧಿಯೇ. ಆದರೆ ಅದರ ಲಾಭ ಸಿಗುವುದು ವ್ಯಸನಿಗೆ, ಅಂದರೆ ಅದಿಲ್ಲದೆ ಇರಲಾರದ ಸ್ಥಿತಿಗೆ ತಲುಪಿದವನಿಗೆ. ಗೆಳೆಯರ ಜೊತೆ ಎರಡು ಸಲ ಸೇದಿ ಸಿಕ್ಕಿಬಿದ್ದ ಹತ್ತೊಂಬತ್ತರ ಹುಡುಗ ವ್ಯಸನಿಯಲ್ಲ, ಆದ್ದರಿಂದ ಅವನಿಗೆ ಈ ಬಾಗಿಲು ತೆರೆಯುವುದಿಲ್ಲ. ಕಾಯಿಲೆ ಬಲಿತವನಿಗೆ ಆಸ್ಪತ್ರೆ, ಬಲಿಯದವನಿಗೆ ನ್ಯಾಯಾಲಯ ಎಂಬ ಈ ತಲೆಕೆಳಗಾದ ವ್ಯವಸ್ಥೆಯನ್ನು ಯಾರೂ ಪ್ರಶ್ನಿಸದಿರುವುದು ನನಗೆ ಸೋಜಿಗ. ಮುಂದೆ ಉದ್ಯೋಗಕ್ಕೋ ಪಾಸ್‌ಪೋರ್ಟಿಗೋ ಪೊಲೀಸ್ ಪರಿಶೀಲನೆ ಬಂದಾಗ ಆ ಪ್ರಕರಣ ಮತ್ತೆ ಎದುರು ನಿಲ್ಲುತ್ತದೆ.

ಗಾಂಜಾ ನಿರುಪದ್ರವಿ ಎಂದು ನಾನು ಹೇಳುತ್ತಿಲ್ಲ. ಹದಿವಯಸ್ಸಿನಲ್ಲೇ ಆರಂಭಿಸಿ ದಿನನಿತ್ಯ ಸೇದುವವರಲ್ಲಿ, ಅದರಲ್ಲೂ ಮನೆತನದಲ್ಲಿ ಸ್ಕಿಜೋಫ್ರೇನಿಯಾ ಎಂಬ ತೀವ್ರ ಮನೋರೋಗ ಇರುವವರಲ್ಲಿ, ಚಿತ್ತವಿಕಲತೆಯ, ಅಂದರೆ ವಾಸ್ತವದ ಅರಿವೇ ತಪ್ಪುವ ಸ್ಥಿತಿಯ, ಅಪಾಯ ಹೆಚ್ಚು. ಆದರೆ ಇದು ಬೇಗ ಗುರುತಿಸಬೇಕಾದ ಅಪಾಯ, ಮತ್ತು ಕೇಸಿನ ಭಯವಿರುವ ಮನೆಯವರು ಮಗನನ್ನು ಬೇಗ ಆಸ್ಪತ್ರೆಗೆ ಕರೆತರುವುದಿಲ್ಲ. ದೆಹಲಿಯ ಏಮ್ಸ್ ನಡೆಸಿದ, 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಅಂದಾಜಿನಂತೆ ದೇಶದಲ್ಲಿ ಭಂಗಿ, ಗಾಂಜಾ, ಚರಸ್ ಬಳಸುವವರು ಸುಮಾರು 3.1 ಕೋಟಿ, ಅವರಲ್ಲಿ ನೆರವು ಬೇಕಾದಷ್ಟು ತೊಂದರೆಗೆ ಸಿಲುಕಿದವರು ಸುಮಾರು 72 ಲಕ್ಷ. ಇಷ್ಟು ಜನರಿಗೆ ಸಾಲುವ ಜೈಲು ಯಾವ ಸರ್ಕಾರದ ಬಳಿ ಇದೆ? 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಂತೂ ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳನ್ನು ಕಾಯಿಲೆಯ ವ್ಯಾಖ್ಯೆಯೊಳಗೇ ಸೇರಿಸಿದೆ.

ಹಾಗಾದರೆ ಅಂಗಡಿಯಲ್ಲಿ ಮಾರಲು ಬಿಡೋಣವೇ ಎಂದು ಕೇಳುವವರಿಗೆ ನನ್ನ ಉತ್ತರ, ಬೇಡ. ಮದ್ಯದ ಅಂಗಡಿಗಳು ನಮ್ಮ ತೋಟದ ಕಾರ್ಮಿಕರ ಲೈನುಮನೆಗಳಿಗೆ ಮಾಡಿರುವುದನ್ನು ನೋಡಿದವರು ಅದನ್ನು ಕೇಳಲಾರರು. ಪೋರ್ಚುಗಲ್ 2001ರಲ್ಲಿ ಮಾರಾಟವನ್ನು ಅಪರಾಧವಾಗಿಯೇ ಉಳಿಸಿಕೊಂಡು, ಸ್ವಂತ ಬಳಕೆಯ ಅಲ್ಪ ಪ್ರಮಾಣವನ್ನು ಅಪರಾಧದ ಪಟ್ಟಿಯಿಂದ ತೆಗೆದು, ಸಿಕ್ಕಿಬಿದ್ದವರನ್ನು ಕಾನೂನು, ಆರೋಗ್ಯ, ಸಮಾಜಸೇವೆಯ ಹಿನ್ನೆಲೆಯವರಿರುವ ಸಮಿತಿಯೊಂದರ ಮುಂದೆ ಕಳಿಸುವ ಪದ್ಧತಿ ತಂದಿತು. ನನ್ನ ಮನಸ್ಸಿನಲ್ಲಿರುವುದು ಅಂಥದ್ದು.

ಕಾಯ್ದೆ ತಿದ್ದುವುದು ಸಂಸತ್ತಿನ ಕೆಲಸ, ಅದು ಎಂದಾಗುವುದೋ. ಅಲ್ಲಿಯವರೆಗೆ ಕಾಲೇಜುಗಳು ಮಾದಕ ವಸ್ತು ವಿರೋಧಿ ದಿನವಾದ ಜೂನ್ 26ರಂದು ಪ್ರತಿಜ್ಞೆ ಬೋಧಿಸಿ ಕೈತೊಳೆದುಕೊಳ್ಳುವ ಬದಲು ವರ್ಷವಿಡೀ ಒಬ್ಬ ಆಪ್ತಸಮಾಲೋಚಕರನ್ನು ಇಟ್ಟುಕೊಳ್ಳಬಹುದು, 14416ಕ್ಕೆ ಕರೆಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನಲ್ಲಿ ಹಣ ಕೊಡದೆ ಮಾತಾಡಬಹುದು ಎಂಬುದನ್ನು ಹಾಸ್ಟೆಲಿನ ಗೋಡೆಗೆ ಬರೆಸಬಹುದು. ಕಾನೂನು ಸೇವಾ ಪ್ರಾಧಿಕಾರದ ವಕೀಲರು, ವ್ಯಸನಕ್ಕೆ ಬಿದ್ದವನ ಮನೆಯವರಿಗೆ ಜಾಮೀನಿನ ಮಾತಿಗಿಂತ ಮೊದಲು 64ಎ ವಿಧಿಯನ್ನು ಬಿಡಿಸಿ ಹೇಳಬಹುದು.