ತ್ರಿಯಾನಾದಲ್ಲಿ ಸಾಲಮನ್ನಾ

33 ವರ್ಷ ಬ್ಯಾಂಕಿನಲ್ಲಿ ಕೆಲಸ ಮಾಡಿದೆ. ಅಷ್ಟೂ ವರ್ಷದಲ್ಲಿ ಯಾರದ್ದೇ ಆಗಲಿ, ಒಂದು ರೂಪಾಯಿ ಸಾಲ ಮನ್ನಾ ಮಾಡುವ ಅಧಿಕಾರ ನನ್ನ ಕೈಗೆ ಬರಲಿಲ್ಲ. ಬಂದಿದ್ದು ನಿವೃತ್ತಿಯಾದ ಮರುವರ್ಷ, ಸ್ಪೇನ್ ದೇಶದ ಸೆವಿಲ್ ಊರಿನ ಒಂದು ಬಾರಿನಲ್ಲಿ. ಸಾಲಗಾರನೂ ನಾನೇ, ಮನ್ನಾ ಮಾಡಿದವನೂ ನಾನೇ.

ಮಗಳು ಒಂದು ವರ್ಷದ ಕೋರ್ಸಿಗೆ ಅಂತ ಅಲ್ಲಿದ್ದಳು. ಜೂನ್ ತಿಂಗಳಲ್ಲಿ ನಾನೂ ನನ್ನ ಹೆಂಡತಿಯೂ ದಾವಣಗೆರೆಯಿಂದ ಚಟ್ನಿಪುಡಿ ಹೊತ್ತುಕೊಂಡು ಹೋದೆವು. ಮಗಳ ಬಾಡಿಗೆ ಮನೆ ಇದ್ದದ್ದು ತ್ರಿಯಾನಾದಲ್ಲಿ. ಗ್ವಾದಲ್ಕಿವಿರ್ ಹೊಳೆಯ ಒಂದು ದಡದಲ್ಲಿ ದೊಡ್ಡ ಚರ್ಚು, ಅರಮನೆ, ಸೆಲ್ಫಿ ತೆಗೆಯುವವರು. ಇನ್ನೊಂದು ದಡದಲ್ಲಿ ತ್ರಿಯಾನಾ. ಮಧ್ಯೆ 1852ರಲ್ಲಿ ಮುಗಿದ ಕಬ್ಬಿಣದ ಸೇತುವೆ. ಒಂದು ಕಾಲಕ್ಕೆ ಕುಂಬಾರರು, ನಾವಿಕರು, ಫ್ಲಮೆಂಕೊ ಹಾಡುವ ಜಿಪ್ಸಿಗಳು ಇದ್ದ ಕೇರಿ ಅದು. ಈಗಲೂ ಅಲ್ಲಿನ ಹಳಬರು ಸೇತುವೆ ದಾಟುವಾಗ "ಸೆವಿಲ್‌ಗೆ ಹೋಗಿ ಬರ್ತೀನಿ" ಅನ್ನುತ್ತಾರಂತೆ, ತಾವು ಬೇರೆ ಊರಿನವರು ಅನ್ನುವ ಹಾಗೆ.

ಒಂದು ಸಂಜೆ ಮಗಳಿಗೆ ಪರೀಕ್ಷೆಯ ಓದು. "ಅಪ್ಪಾ, ನೀವಿಬ್ಬರೇ ಹೋಗಿ ತಿಂದು ಬರ್ತೀರಾ?" ಅಂದಳು. ನಾನು ಎದೆ ಉಬ್ಬಿಸಿ, "ಟೂರಿಸ್ಟ್ ಜಾಗ ಬೇಡಮ್ಮ, ಇಲ್ಲಿಯವರು ತಿನ್ನೋ ಹಾಗೇ ತಪಾಸ್ ತಿಂದು ಬರ್ತೀವಿ" ಅಂದೆ. ಧೈರ್ಯಕ್ಕೆ ಕಾರಣ ಇತ್ತು. ತಪಾಸ್ ಅಂದರೆ ಸಣ್ಣ ಸಣ್ಣ ತಟ್ಟೆಯಲ್ಲಿ ಬರುವ ತಿಂಡಿ, ಅದನ್ನು ನಿಂತುಕೊಂಡು ತಿನ್ನಬೇಕು, ಅಷ್ಟೇ ತಾನೇ? ಬೆಂಗಳೂರಿಗೆ ವರ್ಗವಾಗಿದ್ದ ಆರು ವರ್ಷ ನಾನು ದರ್ಶಿನಿಗಳಲ್ಲಿ ಒಂದು ಕೈಯಲ್ಲಿ ತಟ್ಟೆ, ಇನ್ನೊಂದರಲ್ಲಿ ಕಾಫಿ, ಕಂಕುಳಲ್ಲಿ ಹೆಲ್ಮೆಟ್ ಇಟ್ಟುಕೊಂಡು ತಿಂದವನು. ನನಗೆ ಸ್ಪೇನಿನವರು ಹೇಳಿಕೊಡುವುದೇನಿದೆ?

ಮಗಳು ಹೊರಡುವ ಮುಂಚೆ ಒಂದಷ್ಟು ಹೇಳಿದಳು. 'ತಪಾ' ಅಂದರೆ ಮುಚ್ಚಳವಂತೆ. ಹಿಂದೆ ಗ್ಲಾಸಿಗೆ ನೊಣ, ಧೂಳು ಬೀಳದಿರಲಿ ಅಂತ ಮೇಲೆ ಒಂದು ಚೂರು ಬ್ರೆಡ್ಡೋ ಮಾಂಸವೋ ಮುಚ್ಚಿ ಕೊಡುತ್ತಿದ್ದರು ಅಂತ ಒಂದು ಕಥೆ. ಗ್ರನಾಡಾ ಊರಿನಲ್ಲಿ ಇವತ್ತಿಗೂ ಒಂದು ಡ್ರಿಂಕ್ ತಗೊಂಡರೆ ಒಂದು ತಪಾ ಫ್ರೀ ಅಂತಲೂ ಅಂದಳು. 'ಫ್ರೀ' ಅನ್ನುವ ಪದ ಕಿವಿಗೆ ಬಿದ್ದ ಮೇಲೆ ಊರಿನ ಹೆಸರೆಲ್ಲ ಯಾರು ನೆನಪಿಟ್ಟುಕೊಳ್ಳುತ್ತಾರೆ?

ಏಳು ಗಂಟೆಗೆ ಹೋದೆವು. ಬಾರು ತೆರೆದಿತ್ತು, ಅಡುಗೆಮನೆ ಮುಚ್ಚಿತ್ತು. ಎಂಟೂವರೆ ಒಂಬತ್ತರ ತನಕ ಒಲೆ ಹಚ್ಚುವುದಿಲ್ಲ ಅಂತ ಕೈಸನ್ನೆಯಲ್ಲಿ ಹೇಳಿದರು. ಬಿಸಿಲು ನೋಡಿದರೆ ನಮ್ಮ ಮಧ್ಯಾಹ್ನ ಮೂರರ ಹಾಗಿತ್ತು. ಆ ದೇಶದ ಗಡಿಯಾರವೇ ಹಾಗೆ. ನ್ಯಾಯವಾಗಿ ಲಂಡನ್ನಿನ ಜೊತೆ ಓಡಬೇಕಿದ್ದದ್ದು, 1940ರಲ್ಲಿ ಸರ್ವಾಧಿಕಾರಿ ಫ್ರಾಂಕೊ ಕಾಲದಲ್ಲಿ ಬರ್ಲಿನ್ನಿನ ಸಮಯಕ್ಕೆ ತಿರುಗಿಸಿಟ್ಟರು, ಮತ್ತೆ ಹಿಂದಕ್ಕೆ ತಿರುಗಿಸಲೇ ಇಲ್ಲ. ಜೂನ್‌ನಲ್ಲಿ ಅಲ್ಲಿ ಸೂರ್ಯ ಮುಳುಗುವುದು ಒಂಬತ್ತೂಮುಕ್ಕಾಲಿಗೆ. ಏಳೂವರೆಗೆ ಊಟ ಮುಗಿಸಿ ಮಾತ್ರೆ ನುಂಗುವ ನಾವು ಸಾನ್ ಹಸಿಂತೊ ರಸ್ತೆಯನ್ನು ಮೂರು ಸಲ ಮೇಲಿಂದ ಕೆಳಗೆ ಅಳೆದೆವು. "ಇಲ್ಲಿಯವರ ಹಾಗೇ ತಿನ್ನೋದು ಅಂದ್ರೆ ಉಪವಾಸ ಅಂತ ಮೊದಲೇ ಹೇಳಬಾರದಾ ರೀ" ಅಂದಳು ಹೆಂಡತಿ.

ಒಂಬತ್ತಕ್ಕೆ ಮತ್ತೆ ಒಳಗೆ ಹೋದರೆ ಅದೇ ಬಾರು ಜಾತ್ರೆಯಾಗಿತ್ತು. ಮರದ ಉದ್ದನೆಯ ಕಟ್ಟೆ, ಅದಕ್ಕೆ ಒರಗಿದ ಜನ. ಮೇಲೆ ಸೂರಿನಿಂದ ಹಂದಿಯ ತೊಡೆಗಳನ್ನು ಸಾಲಾಗಿ ನೇತುಹಾಕಿದ್ದರು. ಒಂದೊಂದರ ತುದಿಗೂ ತಲೆಕೆಳಗಾದ ಪುಟ್ಟ ಕೊಡೆ ಸಿಕ್ಕಿಸಿತ್ತು. ಅಲಂಕಾರ ಇರಬೇಕು ಅಂದುಕೊಂಡೆ. ಅದು ತೊಟ್ಟಿಕ್ಕುವ ಕೊಬ್ಬನ್ನು ಹಿಡಿಯಲು ಇಟ್ಟದ್ದು ಅಂತ ಗೊತ್ತಾದ ಮೇಲೆ ಹೆಂಡತಿ ನಿಂತಲ್ಲಿಂದ ಎರಡು ಹೆಜ್ಜೆ ಸರಿದಳು. ಅಲ್ಲಿಯೂ ಮೇಲೆ ಇನ್ನೊಂದು ತೊಡೆ. ಕೊನೆಗೆ ಸೆರಗನ್ನು ತಲೆ ಮೇಲೆ ಹೊದ್ದು ನಿಂತಳು. ಸುತ್ತಲಿನವರು ಅದನ್ನು ಭಕ್ತಿ ಅಂದುಕೊಂಡರೋ ಏನೋ, ಬಹಳ ಗೌರವದಿಂದ ಜಾಗ ಬಿಟ್ಟರು.

ನಾನು ಕಲಿತುಕೊಂಡು ಹೋಗಿದ್ದ ಮಾತು "ಉನಾ ಕಾನ್ಯಾ". ಕಾನ್ಯಾ ಅಂದರೆ ಸಣ್ಣ ಗ್ಲಾಸಿನ ಬಿಯರು. ಆ ಸೆಖೆಗೆ ದೊಡ್ಡ ಗ್ಲಾಸಾದರೆ ಕುಡಿದು ಮುಗಿಸುವಷ್ಟರಲ್ಲಿ ಬಿಸಿಯಾಗುತ್ತದೆ, ಅದಕ್ಕೇ ಚಿಕ್ಕದು. ಗದ್ದಲಕ್ಕೆ ನಾನು ಗಟ್ಟಿಯಾಗಿ ಕೂಗಬೇಕಾಯಿತು. ಹೆಂಡತಿ ನನ್ನನ್ನೇ ನೋಡಿದಳು. "ಮನೇಲಿ ಮದುವೆ ವಯಸ್ಸಿನ ಮಗಳಿದಾಳೆ, ನೀವಿಲ್ಲಿ ಕನ್ಯಾ ಕೇಳ್ತಿದೀರಲ್ರೀ!"

ಮುಂದಿನದು ಶಾಕಾಹಾರದ ಪ್ರಶ್ನೆ. ಮಾಂಸಕ್ಕೆ ಅಲ್ಲಿ 'ಕಾರ್ನೆ' ಅನ್ನುತ್ತಾರೆ. ಸಾಲ್ಮೊರೆಹೊ ಅಂತ ಟೊಮ್ಯಾಟೊ, ಬ್ರೆಡ್ಡು, ಬೆಳ್ಳುಳ್ಳಿ, ಆಲಿವ್ ಎಣ್ಣೆ ರುಬ್ಬಿದ ತಣ್ಣನೆಯ ಗೊಜ್ಜು ಇರುತ್ತದೆ. ಅದನ್ನು ತೋರಿಸಿ "ನೊ ಕಾರ್ನೆ" ಅಂದೆ. ಕಟ್ಟೆಯ ಹಿಂದಿನ ಯಜಮಾನ, ನನ್ನದೇ ವಯಸ್ಸಿನವನು, "ವಾಲೆ" ಅಂತ ಒಪ್ಪಿಕೊಂಡ. ಬಟ್ಟಲು ಬಂತು. ಉಪ್ಪಿಟ್ಟಿನ ಮೇಲೆ ಸೇವು ಉದುರಿಸಿದ ಹಾಗೆ ಮೇಲೆಲ್ಲ ಮೊಟ್ಟೆ ಚೂರು, ಹಂದಿ ಚೂರು. ನಾನು "ಕಾರ್ನೆ!" ಅಂದೆ. ಅವನಿಗೆ ನಿಜಕ್ಕೂ ಆಶ್ಚರ್ಯ. "ಕಾರ್ನೆ ಅಲ್ಲ, ಹಮೋನ್" ಅಂತ ತಿದ್ದಿದ. ಅಲ್ಲಿ ಹಂದಿ ತೊಡೆ ಮಾಂಸದ ಲೆಕ್ಕಕ್ಕೆ ಬರುವುದಿಲ್ಲ. ನಮ್ಮಲ್ಲಿ ಕೆಲವರಿಗೆ ಕೇಕಿನೊಳಗಿನ ಮೊಟ್ಟೆ ಲೆಕ್ಕಕ್ಕೆ ಬರುವುದಿಲ್ಲ, ಹಾಗೆ. (ಕೆಲವರು ಅಂದರೆ ಯಾರು ಅಂತ ಸೆರಗು ಹೊದ್ದು ನಿಂತಿದ್ದವರಿಗೆ ಗೊತ್ತು.)

ಅಷ್ಟರಲ್ಲಿ ಅವಳಿಗೆ ಪಕ್ಕದವರ ಗ್ಲಾಸು ಕಣ್ಣಿಗೆ ಬಿದ್ದಿತ್ತು. ಅವರು ಗ್ಲಾಸಿನಿಂದ ಕಂದು ಬಣ್ಣದ ಪುಟ್ಟದೇನನ್ನೋ ತೆಗೆದು, ಚೀಪಿ, ಸಿಪ್ಪೆ ಪಕ್ಕಕ್ಕಿಡುತ್ತಿದ್ದರು. "ರೀ, ಬೇಯಿಸಿದ ಶೇಂಗಾ! ಅದನ್ನೇ ಹೇಳಿ." ಬಾಗಿಲಿಗೂ ಕಾಗದ ಅಂಟಿಸಿದ್ದರು, 'ಆಯ್ ಕರಕೋಲೆಸ್'. ಹೇಳಿದೆ. ಬಂತು. ಬಿಸಿ ಸಾರು, ಒಳ್ಳೆ ಘಮ. ಅವಳು ಒಂದನ್ನು ಎತ್ತಿ ಬೆಳಕಿಗೆ ಹಿಡಿದಳು. ಶೇಂಗಾಕ್ಕೆ ಎರಡು ಕೊಂಬಿತ್ತು.

"ಬಸವನಹುಳು!" ಅಂದಳು. "ಹೆಸರಲ್ಲೇ ಬಸವ ಇದಾನೆ. ಇದನ್ನ ತಿನ್ನೋದಾ?"

ಮೇ, ಜೂನ್ ಬಂತೆಂದರೆ ಸೆವಿಲ್‌ನವರಿಗೆ ಬಸವನಹುಳುವಿನ ಸುಗ್ಗಿ. ನಮಗೆ ಮಾವಿನಹಣ್ಣು ಇದ್ದ ಹಾಗೆ. ಪಕ್ಕದಲ್ಲಿದ್ದ ಟೊಪ್ಪಿಗೆಯ ಅಜ್ಜ ನಮ್ಮ ಗ್ಲಾಸನ್ನೇ ನೋಡುತ್ತಿದ್ದ. ಕೈ ಮಾಡಿ ಕೊಟ್ಟೆ. ಖುಷಿಯಿಂದ ತಗೊಂಡ. ಆ ಸಾಲ್ಮೊರೆಹೊ ಬಟ್ಟಲನ್ನೂ ಅವನ ಕಡೆಗೆ ನೂಕಿದೆ. ನೂಕಿದ್ದು ಜಾಸ್ತಿಯಾಗಿ ಕಟ್ಟೆಯ ಮೇಲೆ ಒಂದಷ್ಟು ಚೆಲ್ಲಿತು.

ಇಲ್ಲಿಂದ ಶುರು ನೋಡಿ. ಆ ಬಾರುಗಳಲ್ಲಿ ಇಡುವ ಕಾಗದದ ಕರವಸ್ತ್ರ ಒಂದು ವಿಚಿತ್ರ ವಸ್ತು. ಅದರ ಮೇಲೆ 'ಬಂದದ್ದಕ್ಕೆ ಧನ್ಯವಾದ' ಅಂತ ಅಚ್ಚು ಹಾಕಿರುತ್ತಾರೆ. ಧನ್ಯವಾದ ಬಿಟ್ಟರೆ ಅದರಿಂದ ಬೇರೇನೂ ಉಪಯೋಗವಿಲ್ಲ. ಒಂದು ಹನಿಯನ್ನೂ ಹೀರುವುದಿಲ್ಲ, ಸುಮ್ನೆ ಅತ್ತಿಂದಿತ್ತ ಸವರುತ್ತದೆ. ಹಳೆಯ ಗಿರಾಕಿಗಳು ಬಳಸಿ ನೆಲಕ್ಕೇ ಬಿಸಾಡುತ್ತಿದ್ದರು, ನನಗೆ ಮನಸ್ಸು ಬರದೆ ಪ್ಯಾಂಟಿನ ಜೇಬಿಗೆ ತುರುಕಿಕೊಳ್ಳುತ್ತಿದ್ದೆ. ಹತ್ತು ಹನ್ನೆರಡು ಎಳೆದುಕೊಂಡು ಒರೆಸಿದೆ. ಒರೆಸುತ್ತಾ ಹೋದಂತೆ ನನ್ನ ಮುಂದೆಯೇ ಕಟ್ಟೆಯ ಮರದ ಮೇಲೆ ಬಿಳಿ ಬಿಳಿ ಗೀಚು ಕಂಡಿತು. ಇಷ್ಟು ಒಳ್ಳೆ ಬಾರು, ಕಟ್ಟೆ ಒರೆಸುವವರಿಲ್ಲವಲ್ಲ ಅನ್ನಿಸಿತು. ಒದ್ದೆ ಕಾಗದದಲ್ಲಿ ಅದನ್ನೂ ಉಜ್ಜಿ ಫಳಫಳ ಮಾಡಿ, ಮೆಚ್ಚುಗೆಗಾಗಿ ಯಜಮಾನನ ಮುಖ ನೋಡಿದೆ.

ಅವನ ಕಿವಿಯ ಸಂದಿಯಲ್ಲಿ ಒಂದು ಚಾಕ್‌ಪೀಸ್ ಇತ್ತು.

ಆಗ ಹೊಳೆಯಿತು. ಅಲ್ಲಿನ ಹಳೇ ಬಾರುಗಳಲ್ಲಿ ಗಿರಾಕಿ ತಿಂದದ್ದರ ಲೆಕ್ಕವನ್ನು ಅವನ ಮುಂದೆಯೇ ಕಟ್ಟೆಯ ಮೇಲೆ ಚಾಕ್‌ಪೀಸಿನಲ್ಲಿ ಬರೆಯುತ್ತಾರೆ. ಬಿಲ್ಲು ಇಲ್ಲ, ಕಾಗದ ಇಲ್ಲ, ಅದೇ ಖಾತೆ ಪುಸ್ತಕ. ಎಲ್ಲಾ ಫ್ರೀ ಅಂದುಕೊಂಡಿದ್ದವನಿಗೆ ಲೆಕ್ಕದ ಯೋಚನೆಯೇ ಬಂದಿರಲಿಲ್ಲ. 33 ವರ್ಷ ಲೆಡ್ಜರಿನಲ್ಲಿ ಒಂದು ಕಾಟು ಹೊಡೆದರೂ ಪಕ್ಕದಲ್ಲಿ ಸಹಿ ಹಾಕಿದ ಮನುಷ್ಯ, ಕೈಯಾರೆ ಪೂರ್ತಿ ಖಾತೆ ಒರೆಸಿದ್ದೆ. ಅದೂ ನನ್ನದೇ ಖಾತೆ, ನಾಲ್ಕು ಜನರ ಎದುರು!

ಬಾರು ಒಂದು ಕ್ಷಣ ಸುಮ್ಮನಾಯಿತು. ಆಮೇಲೆ ಅಜ್ಜ ನಗಲು ಶುರು ಮಾಡಿದ, ಕಟ್ಟೆಯುದ್ದಕ್ಕೂ ನಗು ಹರಡಿತು. ಯಜಮಾನ ಮಾತ್ರ ನಗಲಿಲ್ಲ. ಚಾಕ್‌ಪೀಸ್ ತೆಗೆದು, ಕಣ್ಣು ಮುಚ್ಚಿ, ನೆನಪಿನಿಂದಲೇ ಬರೆಯುತ್ತಾ ಹೋದ. ಕಾನ್ಯಾ ಎರಡು, 3,00. ನೀರು, 1,50. ಸಾಲ್ಮೊರೆಹೊ, 3,50. ಅವರು ಚುಕ್ಕಿಯ ಜಾಗದಲ್ಲಿ ಅಲ್ಪವಿರಾಮ ಹಾಕುತ್ತಾರೆ. ಕರಕೋಲೆಸ್ ಬರೆಯುವಾಗ ಅಜ್ಜ ನಿಷ್ಠೆಯಿಂದ ಗ್ಲಾಸ್ ಎತ್ತಿ ತೋರಿಸಿ ಸಾಕ್ಷಿ ಹೇಳಿದ. ತಿಂದವನು ಅವನು, ಖಾತೆ ನನ್ನದು. ಜಾಮೀನು ಹಾಕಿ ಸಿಕ್ಕಿಬಿದ್ದವರನ್ನು ಕೌಂಟರಿನ ಆಚೆ ಎಷ್ಟೋ ಸಲ ನೋಡಿದ್ದೆ. ಈಗ ಈಚೆ ನಿಂತು ನೋಡಿದೆ.

ಲೆಕ್ಕ ಮುಗಿಸಿದ ಮೇಲೆ ಅವನೇ ಒಂದು ಪುಟ್ಟ ತಟ್ಟೆ ಹೆಂಡತಿಯ ಮುಂದಿಟ್ಟ. "ಕಾರ್ನೆ ಇಲ್ಲ, ಹಮೋನ್ ಇಲ್ಲ, ಅತೂನ್ ಇಲ್ಲ" ಅಂತ ಬೆರಳು ಮಡಚಿ ಹೇಳಿದ. ಅತೂನ್ ಅಂದರೆ ಟ್ಯೂನಾ ಮೀನು. ನಾವು ಕೇಳದ ಮೀನನ್ನೂ ಸೇರಿಸಿ ಆಣೆ ಮಾಡಿದ. ಅದು ಪಾಲಕ್ ಸೊಪ್ಪು ಮತ್ತು ಕಾಬೂಲಿ ಕಡಲೆ, ಸೆವಿಲ್‌ನವರ ಮನೆಮನೆಯ ಅಡುಗೆ. ಅವಳು ಒಂದು ಚಮಚ ಬಾಯಿಗಿಟ್ಟು ಕಣ್ಣು ಅಗಲ ಮಾಡಿದಳು. "ಜೀರಿಗೆ ರೀ! ಬೆಳ್ಳುಳ್ಳಿ! ನಮ್ಮ ಪಲ್ಯ ಇದು." ಇನ್ನೊಂದು ತಟ್ಟೆ ಹೇಳಿದೆವು. ಎರಡು ತಟ್ಟೆಗೆ 7,00. ಬಸವನಹುಳುವಿನ 3,00 ಸೇರಿ ಒಟ್ಟು 18,00 ಯೂರೊ. ನಾನೂ ಮನಸ್ಸಿನಲ್ಲೇ ಕೂಡಿಸಿ ನೋಡಿದೆ, ಒಂದು ಸೆಂಟೂ ವ್ಯತ್ಯಾಸವಿಲ್ಲ. ಅವನಂಥ ಕ್ಯಾಷಿಯರ್ ನನ್ನ ಬ್ರಾಂಚಿನಲ್ಲಿ ಇದ್ದಿದ್ದರೆ ನಾನು ಎಷ್ಟೋ ಸಂಜೆ ಹೊತ್ತಿಗೆ ಸರಿಯಾಗಿ ಮನೆಗೆ ಹೋಗುತ್ತಿದ್ದೆ.

ಮನೆಗೆ ಬಂದು ಜೇಬಿನಿಂದ ಮುದ್ದೆ ಮುದ್ದೆ ಕಾಗದ ತೆಗೆಯುವಾಗ ಮಗಳು ಏನೂ ಕೇಳಲಿಲ್ಲ. ಅಮ್ಮ ಎಲ್ಲವನ್ನೂ ಹೇಳಿದಳು.

ಮರುದಿನ ಮತ್ತೆ ಹೋದೆವು, ಒಂಬತ್ತೂಕಾಲಿಗೆ. ಯಜಮಾನ ದೂರದಿಂದಲೇ ಕೈ ಎತ್ತಿದ. ಕೇಳುವ ಮೊದಲೇ ಸೊಪ್ಪಿನ ತಟ್ಟೆ ಬಂತು, ಕಾನ್ಯಾ ಬಂತು. ಕಿವಿಯಿಂದ ಚಾಕ್‌ಪೀಸ್ ತೆಗೆದವನು ನನ್ನ ಮುಂದಿದ್ದ ಕರವಸ್ತ್ರದ ಡಬ್ಬಿಯನ್ನು ಒಮ್ಮೆ ನೋಡಿದ, ನನ್ನನ್ನು ಒಮ್ಮೆ ನೋಡಿದ. ಆಮೇಲೆ ನಾಲ್ಕು ಹೆಜ್ಜೆ ಆಚೆ ಹೋಗಿ, ಟೊಪ್ಪಿಗೆಯ ಅಜ್ಜನ ಮುಂದೆ ನನ್ನ ಲೆಕ್ಕ ಬರೆದ.