ಅಂಚಿನಲ್ಲಿ ಮಲಗಿ ನಡುವಿನಲ್ಲಿ ಎದ್ದ ಊರು

ಕೆಲವು ಊರುಗಳು ಕೂತ ಜಾಗ ಬಿಡದೆಯೇ ವರ್ಗವಾಗುತ್ತವೆ. ತುಂಗಭದ್ರೆಯ ದಡದ ಹರಿಹರ ಅಂಥದ್ದು. 1956ರ ಅಕ್ಟೋಬರ್ 31ರ ರಾತ್ರಿ ಅಲ್ಲಿಯ ಜನ ಮೈಸೂರು ರಾಜ್ಯದ ಕಟ್ಟಕಡೆಯ ಊರಿನಲ್ಲಿ ಮಲಗಿದರು. ಬೆಳಗಾಗುವಷ್ಟರಲ್ಲಿ ಊರು ವಿಶಾಲ ಮೈಸೂರಿನ ಹೆಚ್ಚುಕಡಿಮೆ ನಟ್ಟನಡುವೆ ಇತ್ತು. ಅಲ್ಲಿಯವರೆಗೆ ಹೊಳೆಯಾಚೆಯ ರಾಣೆಬೆನ್ನೂರು ಸೀಮೆ ಮುಂಬಯಿ ರಾಜ್ಯದ್ದು. ಎರಡೂ ದಡದಲ್ಲಿ ಕನ್ನಡವೇ, ಆದರೆ ಸರಕಾರ ಮಾತ್ರ ಬೇರೆ ಬೇರೆ. 1868ರಲ್ಲೇ ಸೇತುವೆಯಾಗಿದ್ದರೂ ಗಡಿ ದಾಟಲು ಅದಕ್ಕೆ ಇನ್ನೂ 88 ವರ್ಷ ಬೇಕಾಯಿತು.

ಇಂಥ ಊರಿಗೆ ತಕ್ಕ ದೇವರೇ ಸಿಕ್ಕಿದ್ದಾನೆ. ಹರಿಯಿಂದಲೂ ಹರನಿಂದಲೂ ಸಾವು ಬರಬಾರದೆಂದು ಗುಹಾಸುರ ಬ್ರಹ್ಮನಿಂದ ವರ ಪಡೆದನಂತೆ. ಇಬ್ಬರೂ ಸೇರಿ ಒಂದಾಗಿ ಬಂದರೆ? ಅದು ವರದ ಪತ್ರದಲ್ಲಿ ಇರಲಿಲ್ಲ. ದೇವರುಗಳಿಗೂ ವಕೀಲಿ ಬುದ್ಧಿ ಇತ್ತೆಂಬುದಕ್ಕೆ ನನಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ. ಮೂರ್ತಿಯ ಬಲಭಾಗ ತ್ರಿಶೂಲ ಹಿಡಿದ ಹರ, ಎಡಭಾಗ ಚಕ್ರ ಹಿಡಿದ ಹರಿ. ಗಡಿ ನೆತ್ತಿಯಿಂದ ಪಾದಕ್ಕೆ ನೇರವಾಗಿ ಇಳಿದಿದೆ, ತಕರಾರಿಲ್ಲ. ಗುಡಿಯನ್ನು 1224ರಲ್ಲಿ ಕಟ್ಟಿಸಿದವನು ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ. ಆಗಲೂ ಈ ಹೊಳೆಯ ಸುತ್ತ ಹೊಯ್ಸಳರಿಗೂ ಸೇವುಣರಿಗೂ ಜಗ್ಗಾಟ ನಡೆದೇ ಇತ್ತು.

ಮಂಟಪದ ಕಂಬಗಳನ್ನು ಮುಟ್ಟಿ ನೋಡಬೇಕು. ತಿರುಗಿಸಿ ಕಡೆದ ಕಲ್ಲು. ಬಳೆ ಜೋಡಿಸಿಟ್ಟಂತೆ ಸುತ್ತು ಮೇಲೆ ಸುತ್ತು, ಬೆರಳು ಎಲ್ಲೂ ತಡೆಯದೆ ಒಂದು ಸುತ್ತು ಬರುತ್ತದೆ. ಇದೇ ಊರಿನಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಂಪನಿ ಶುರುವಾಗಿ ಲೇತ್ ಯಂತ್ರಗಳನ್ನು ತಯಾರಿಸತೊಡಗಿತು. ಕಲ್ಲನ್ನು ಕಡೆದ ಊರಿಗೇ ಕಬ್ಬಿಣವನ್ನು ಕಡೆಯುವ ಯಂತ್ರವೂ ಬಂತು. ಕಾಕತಾಳೀಯವೆನ್ನಿ, ನಾನು ಮಾತ್ರ ಒಪ್ಪುವುದಿಲ್ಲ. ಆ ಕಾರ್ಖಾನೆ ಈಗ ಮುಚ್ಚಿದೆ, ಕಂಬಗಳು ಡ್ಯೂಟಿಯ ಮೇಲಿವೆ.

ಹೊಳೆಯಾಚೆ ಕುಮಾರಪಟ್ಟಣದಲ್ಲಿ ಇನ್ನೊಂದು ಕಾರ್ಖಾನೆ ಇದೆ. ಅದು ನಿಂತಿರುವುದು ರಾಣೆಬೆನ್ನೂರು ತಾಲ್ಲೂಕಿನಲ್ಲಿ, ಹೆಸರು ಹರಿಹರ ಪಾಲಿಫೈಬರ್ಸ್! ನೆಲ ಅವರದು, ಹೆಸರು ಇವರದು. ಅದು ಹೊಳೆಗೆ ಬಿಟ್ಟ ನೀರಿನ ವಿರುದ್ಧದ ಹೋರಾಟವಂತೂ 1980ರ ದಶಕದಲ್ಲಿ ದೇಶಕ್ಕೇ ಸುದ್ದಿಯಾಯಿತು.

ರಾಜ್ಯದ ಗಡಿ ಅಳಿದರೂ ಜಿಲ್ಲೆಯ ಗಡಿ ಹೊಳೆಯನ್ನು ಬಿಡಲಿಲ್ಲ. ಅದರಲ್ಲೂ 1997ರ ಆಗಸ್ಟ್ ತಿಂಗಳು ಒಂದು ತಮಾಷೆ ಮಾಡಿತು. ಚಿತ್ರದುರ್ಗ ಜಿಲ್ಲೆಯಲ್ಲಿದ್ದ ಹರಿಹರ ದಾವಣಗೆರೆಯ ಪಾಲಾಯಿತು, ಧಾರವಾಡ ಜಿಲ್ಲೆಯಲ್ಲಿದ್ದ ಎದುರು ದಡ ಹಾವೇರಿಯ ಪಾಲಾಯಿತು. ಅಕ್ಷರಕ್ಕಿಷ್ಟು ಎಂದು ಹಣ ಕೇಳುವ ಬೋರ್ಡು ಬರೆಯುವವನ ಲೆಕ್ಕದಲ್ಲಿ ಈ ದಡದವರಿಗೆ ಒಂದಕ್ಷರ ಹೆಚ್ಚು ಖರ್ಚು, ಆ ದಡದವರಿಗೆ ಒಂದಕ್ಷರ ಉಳಿತಾಯ.